ಫೋನ್ ಅವರ ಕೈಯಲ್ಲೇ ಇರಲಿ

ಚಿರಂಜೀವಿ ಮಗುವಿಗೆ,

ನಮ್ಮ ನಾಡಿನ ಮನೆಮನೆಯಲ್ಲೂ ಈಗ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತೊಂದಿದೆ: ‘ಕೊಡಿ ಇಲ್ಲಿ, ನಾನೇ ಮಾಡ್ತೀನಿ.’ ಅಜ್ಜನಿಗೆ ಬ್ಯಾಂಕಿನಿಂದ ಏನೋ ಮೆಸೇಜು ಬಂದಿರುತ್ತದೆ. ಅಜ್ಜಿ ಗ್ಯಾಸ್ ಬುಕ್ ಮಾಡಬೇಕಿರುತ್ತದೆ. ಗೃಹಲಕ್ಷ್ಮಿಯ ಹಣ ಖಾತೆಗೆ ಬಂತೋ ಇಲ್ಲವೋ ಎಂದು ಅಮ್ಮನಿಗೆ ತಿಳಿಯಬೇಕಿರುತ್ತದೆ. ಫೋನನ್ನು ಕಣ್ಣಿನಿಂದ ಮೊಳ ದೂರ ಹಿಡಿದು, ತೋರುಬೆರಳಿನಲ್ಲಿ ಒಂದು ಕಡೆ ಒತ್ತಿದರೆ ಇನ್ನೊಂದು ತೆರೆದುಕೊಳ್ಳುತ್ತದೆ, ಅವರಿಗೆ ಗಾಬರಿಯಾಗುತ್ತದೆ. ನಿನಗೆ ಕಾಲೇಜಿಗೋ ಕೆಲಸಕ್ಕೋ ಹೊತ್ತಾಗಿರುತ್ತದೆ. ಫೋನ್ ನಿನ್ನ ಕೈಗೆ ಬರುತ್ತದೆ, ಹತ್ತು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ, ಫೋನ್ ಅವರ ಮಡಿಲಿಗೆ ಮರಳುತ್ತದೆ. ನೀನು ಮಾಡಿದ್ದು ಉಪಕಾರವೇ, ಅದರಲ್ಲಿ ಅನುಮಾನವಿಲ್ಲ. ಆದರೆ ತಂತ್ರಜ್ಞಾನ ಬಂದು ಹಿರಿಯರಿಗೂ ಕಿರಿಯರಿಗೂ ನಡುವೆ ದೊಡ್ಡ ಕಂದಕ ತೋಡಿತು ಎಂದು ಸಭೆಗಳಲ್ಲಿ, ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುತ್ತೇವಲ್ಲ, ಆ ಕಂದಕವನ್ನು ಕಣ್ಣಾರೆ ನೋಡಬೇಕೆಂದರೆ ಈ ಹತ್ತು ಸೆಕೆಂಡುಗಳನ್ನೇ ನೋಡಬೇಕು ಎಂಬುದು ನನ್ನ ಎಣಿಕೆ. ಫೋನ್ ಮನೆಗೆ ಬಂದಾಗ ಇಬ್ಬರ ನಡುವೆ ಇದ್ದದ್ದು ಒಂದು ಗೇಣು. ಹಿರಿಯರ ಕೆಲಸ ಅವರ ಕೈಯಿಂದ ಜಾರಿ ಕಿರಿಯರ ಕೈಗೆ ಬಂದ ಪ್ರತಿ ಸಲವೂ ಅದು ಒಂದಿಷ್ಟು ಅಗಲವಾಯಿತು. ಈ ಒಂದು ಸಂಗತಿಯನ್ನು ನಿನ್ನ ಮುಂದೆ ಬಿಡಿಸಿಡಬೇಕೆಂದು ಈ ಪತ್ರ.

ಮೊದಲು ಪ್ರಶ್ನೆಗಳು ಯಾವ ದಿಕ್ಕಿಗೆ ಹರಿಯುತ್ತಿದ್ದವು ಎಂಬುದನ್ನು ನೋಡು. ಕೃತ್ತಿಕೆ ಮಳೆ ಹಿಡಿಯಿತು, ಇನ್ನು ಯಾವ ಹೊಲಕ್ಕೆ ಯಾವ ಬೀಜ ಎಂದು ಕೇಳಬೇಕಾದರೆ ಹಿರಿಯರ ಬಳಿ ಹೋಗಬೇಕಿತ್ತು. ಬಾಣಂತಿಗೆ ಏನು ಕೊಡಬೇಕು, ಉಪ್ಪಿನಕಾಯಿಗೆ ಉಪ್ಪು ಎಷ್ಟು, ಮದುವೆಗೆ ಮೊದಲ ಕರೆಯೋಲೆ ಯಾರ ಮನೆಗೆ, ಈ ಬಸ್ಸು ತಪ್ಪಿದರೆ ಮುಂದಿನದು ಎಲ್ಲಿ ಸಿಗುತ್ತದೆ, ಹೀಗೆ ಸಣ್ಣದು ದೊಡ್ಡದು ಎಲ್ಲವೂ ಅವರ ಬಾಯಿಂದಲೇ ಬರಬೇಕಿತ್ತು. ಮಾರ್ಗರೆಟ್ ಮೀಡ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 1970ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಸಮಾಜಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಮಕ್ಕಳು ಹಿರಿಯರಿಂದ ಕಲಿಯುವಂಥವು, ಓರಗೆಯವರಿಂದ ಕಲಿಯುವಂಥವು, ಹಿರಿಯರೇ ಮಕ್ಕಳಿಂದ ಕಲಿಯಬೇಕಾಗಿ ಬರುವಂಥವು. ಮೂರನೆಯ ಬಗೆಯ ಕಾಲ ಶುರುವಾಗಿದೆ ಎಂದು ಅವರು ಹೇಳಿದಾಗ ಮನೆಗಳಲ್ಲಿ ಕಂಪ್ಯೂಟರು ಇರಲಿಲ್ಲ, ಮೊಬೈಲು ಕನಸಿನಲ್ಲೂ ಇರಲಿಲ್ಲ. ಅವರ ಮಾತು ಅರ್ಧ ನಿಜವಾಗಿದೆ. ಕಿರಿಯರು ಹಿರಿಯರನ್ನು ಕೇಳುವುದು ನಿಂತಿತು, ಏಕೆಂದರೆ ಮಳೆಯಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲಕ್ಕೂ ಫೋನ್ ಉತ್ತರ ಹೇಳುತ್ತದೆ. ಹಲವು ಸಲ ಹಿರಿಯರಿಗಿಂತ ಸರಿಯಾದ ಉತ್ತರವನ್ನೇ ಹೇಳುತ್ತದೆ, ಅದನ್ನು ಒಪ್ಪಿಕೊಳ್ಳೋಣ. ನಿಜವಾಗದೆ ಉಳಿದ ಅರ್ಧ ಇದು: ಹಿರಿಯರು ಮಕ್ಕಳಿಂದ ಕಲಿಯುತ್ತಿಲ್ಲ. ಅವರು ಮಕ್ಕಳಿಂದ ಮಾಡಿಸಿಕೊಳ್ಳುತ್ತಿದ್ದಾರೆ. ಕಲಿಸಿದವನಿಗೂ ಕಲಿತವನಿಗೂ ನಡುವೆ ಗುರು ಶಿಷ್ಯರ ನಂಟೊಂದು ಬೆಳೆಯುತ್ತದೆ. ಮಾಡಿಸಿಕೊಂಡವರಿಗೆ ಉಳಿಯುವುದು ಹಂಗು, ಮಾಡಿಕೊಟ್ಟವರಿಗೆ ಉಳಿಯುವುದು ಬೇಸರ.

ಇದೇನು ಹೊಸದೇ ಎಂದು ನೀನು ಕೇಳಬಹುದು, ಕೇಳಬೇಕು ಕೂಡ. 1951ರ ಜನಗಣತಿಯ ಹೊತ್ತಿಗೆ ಈ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಹದಿನೆಂಟು ಮಂದಿ. ಊರಿಗೆ ಬಂದ ಕಾಗದವನ್ನು ಅಂಚೆಯವನೋ ಶಾಲೆಗೆ ಹೋಗುವ ಹುಡುಗನೋ ಓದಿ ಹೇಳಬೇಕಿತ್ತು. ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಿತ್ತು. ಅಂದರೆ ಆಗಲೂ ಅಜ್ಜಿ ಮೊಮ್ಮಗನ ಅಕ್ಷರಕ್ಕೆ ಕಾಯುತ್ತಿದ್ದಳು, ಆಗಲೂ ಹಿರಿಯರು ಪರಾಧೀನರೇ. ಈ ಆಕ್ಷೇಪ ಗಟ್ಟಿಯಾದದ್ದು. ಆದರೆ ಕಾಗದ ಓದುವ ಹೊತ್ತಿನಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ಯೋಚಿಸು. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಹುಡುಗ ಶುರುಮಾಡಿದರೆ ಮುಂದಿನದೆಲ್ಲ ಅವನಿಗೆ ಅರ್ಥವಾಗಬೇಕಿರಲಿಲ್ಲ. ದೊಡ್ಡಪ್ಪನ ಮಗಳು ಯಾರು, ಆ ಊರಿನ ಸಾಲ ಯಾವುದು, ಯಾವ ಹಸು ಕರು ಹಾಕಿತು ಎಂದು ಬಿಡಿಸಿ ಹೇಳುತ್ತಿದ್ದವಳು ಅಜ್ಜಿ. ಅಕ್ಷರ ಹುಡುಗನದು, ಅರ್ಥ ಅವಳದು. ಇಬ್ಬರೂ ಸೇರಿದರೆ ಮಾತ್ರ ಕಾಗದ ಪೂರ್ತಿಯಾಗುತ್ತಿತ್ತು. ಓದಿ ಮುಗಿಸುವಷ್ಟರಲ್ಲಿ ಹುಡುಗನಿಗೆ ತನ್ನ ಮನೆತನದ ಅರ್ಧ ಕತೆ ತಿಳಿದಿರುತ್ತಿತ್ತು, ಉತ್ತರ ಬರೆಸುವಾಗ ಉಳಿದರ್ಧ. ಈಗಿನ ಓಟಿಪಿಯಲ್ಲಿ ಅಂಥದ್ದೇನಿದೆ? ಆರು ಅಂಕಿ. ಅವುಗಳ ಹಿಂದೆ ಕತೆಯಿಲ್ಲ, ಹಿರಿಯರು ಸೇರಿಸಬೇಕಾದ ಅರ್ಥವೂ ಇಲ್ಲ. ‘ಬಂತಾ? ಹೇಳಿ ಬೇಗ’ ಎನ್ನುವಲ್ಲಿಗೆ ಸಂಭಾಷಣೆ ಮುಗಿಯುತ್ತದೆ. ಹಿಂದಿನ ಪರಾಧೀನತೆ ಇಬ್ಬರನ್ನು ಒಂದು ಚಾಪೆಯ ಮೇಲೆ ಅರ್ಧ ಗಂಟೆ ಕೂರಿಸುತ್ತಿತ್ತು. ಈಗಿನದು ಹತ್ತು ಸೆಕೆಂಡಿನಲ್ಲಿ ಇಬ್ಬರನ್ನೂ ಅವರವರ ಮೂಲೆಗೆ ಕಳಿಸುತ್ತದೆ.

ಇದಕ್ಕೆ ನಿನ್ನನ್ನು ಮಾತ್ರ ಹೊಣೆ ಮಾಡುವುದು ಅನ್ಯಾಯ. ಈ ಕೆಲಸ ನಿನ್ನ ತಲೆಗೆ ಹೇಗೆ ಬಂತು ಎಂಬುದಕ್ಕೆ ಒಂದು ಚರಿತ್ರೆಯಿದೆ, ಅದನ್ನು ನೀನು ತಿಳಿದಿರಬೇಕು. ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು, ಕೈಬರಹದ ಪಹಣಿ ನಿಂತಿತು. ಕಂಪ್ಯೂಟರು ಹಳ್ಳಿಯ ಮುದುಕರ ಬದುಕಿಗೆ ಅಷ್ಟು ದೊಡ್ಡ ಮಟ್ಟದಲ್ಲಿ ಕಾಲಿಟ್ಟದ್ದು ಅದೇ ಮೊದಲು. ಆದರೂ ಅದರಿಂದ ಮನೆಯೊಳಗೆ ಕಂದಕವೇನೂ ಬೀಳಲಿಲ್ಲ. ಕಾರಣ ಸರಳ. ತಾಲ್ಲೂಕು ಕಚೇರಿಯ ಕಿಟಕಿಯ ಹಿಂದೆ ಒಬ್ಬ ಮನುಷ್ಯ ಕುಳಿತಿದ್ದ. ಸರ್ವೆ ನಂಬರು ಹೇಳಿ 15 ರೂಪಾಯಿ ಕೊಟ್ಟರೆ ಅಚ್ಚಾದ ಹಾಳೆ ಕೈಗೆ ಬರುತ್ತಿತ್ತು. ಯಂತ್ರವನ್ನು ಕಲಿಯಬೇಕಾದವನು ಸಂಬಳ ಪಡೆಯುವ ನೌಕರ, ಕೆಲಸ ಮಾಡಿಸಿಕೊಳ್ಳಬೇಕಾದವನು ರೈತ. ಎಷ್ಟೇ ವಯಸ್ಸಾಗಿದ್ದರೂ ರೈತ ತನ್ನ ಹೊಲದ ಹಾಳೆಯನ್ನು ತಾನೇ ಕೇಳಿ ತಾನೇ ಪಡೆದ. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು, ಅದೇ ನವೆಂಬರಿನಲ್ಲಿ ನೋಟು ರದ್ದಾಯಿತು, ನಾಲ್ಕು ವರ್ಷದಲ್ಲಿ ಕೋವಿಡ್ ಬಂದು ಜನರನ್ನು ಮನೆಯೊಳಗೆ ಕೂರಿಸಿತು. ಈ ಅವಧಿಯಲ್ಲಿ ಆ ಕಿಟಕಿಗಳು ಒಂದೊಂದಾಗಿ ಕಿರಿದಾದವು. ಬ್ಯಾಂಕಿನ ಪಾಸ್‌ಬುಕ್ಕು, ರೈಲಿನ ಟಿಕೆಟ್ಟು, ಕರೆಂಟು ಬಿಲ್ಲು, ಆಸ್ಪತ್ರೆಯ ಚೀಟಿ ಎಲ್ಲವೂ ಫೋನಿಗೆ ಬಂದು ಕುಳಿತವು. ಕಿಟಕಿಯ ಹಿಂದಿದ್ದ ನೌಕರ ಏನಾದ? ಆ ಕೆಲಸ ಮಾಯವಾಗಲಿಲ್ಲ. ಅದು ಮನೆಗೆ ಬಂತು, ನಿನ್ನ ಪಾಲಿಗೆ ಬಂತು. ಬ್ಯಾಂಕು, ಸರ್ಕಾರ, ಆಸ್ಪತ್ರೆಗಳೆಲ್ಲ ತಮ್ಮ ಕೌಂಟರಿನ ಕೆಲಸವನ್ನು ಸಂಬಳವಿಲ್ಲದೆ ಮೊಮ್ಮಕ್ಕಳಿಗೆ ವಹಿಸಿದವು. ನಿನಗೆ ಬರುವ ಸಿಟ್ಟು ಬೇಸರಗಳಲ್ಲಿ ಒಂದು ಪಾಲು ಈ ವರ್ಗಾವಣೆಯಿಂದ ಹುಟ್ಟಿದ್ದು. ಅದನ್ನು ಅಜ್ಜನ ಮೇಲೆ ತೀರಿಸಿಕೊಂಡರೆ ಲೆಕ್ಕ ತಪ್ಪಾಗುತ್ತದೆ.

ವರ್ಗಾವಣೆಯಾದದ್ದಷ್ಟೇ ಅಲ್ಲ, ಯಂತ್ರವನ್ನು ರೂಪಿಸಿದವರ ಕಣ್ಣ ಮುಂದೆ ಎಪ್ಪತ್ತರ ದೇಹ ಇರಲೇ ಇಲ್ಲ. ವಯಸ್ಸಾದ ಚರ್ಮ ಒಣಗುತ್ತದೆ, ಒಣಗಿದ ಬೆರಳನ್ನು ಟಚ್ ಸ್ಕ್ರೀನು ಸರಿಯಾಗಿ ಗುರುತಿಸುವುದಿಲ್ಲ. ಕೈ ಸ್ವಲ್ಪ ನಡುಗಿದರೆ ಒಂದು ಒತ್ತು ಎರಡಾಗುತ್ತದೆ, ಸ್ವಲ್ಪ ಹೆಚ್ಚು ಹೊತ್ತು ಒತ್ತಿದರೆ ಯಂತ್ರ ಅದಕ್ಕೆ ಬೇರೆಯೇ ಅರ್ಥ ಮಾಡಿಕೊಳ್ಳುತ್ತದೆ. ಜೀವನವಿಡೀ ಗುದ್ದಲಿ, ಕುಡುಗೋಲು, ಬೀಡಿ ಎಲೆ ಹಿಡಿದವರ ಬೆರಳಿನ ಗೆರೆ ಸವೆದಿರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ‘ಥಂಬ್ ತಗೊಳ್ತಿಲ್ಲ’ ಎಂದು ಅವರನ್ನು ಮತ್ತೆ ಮತ್ತೆ ಬೆರಳು ಒರೆಸಿಕೊಳ್ಳುವಂತೆ ಮಾಡುವುದನ್ನು ನೋಡಿದರೆ ದುಡಿದದ್ದೇ ಅಪರಾಧವೇನೋ ಎನ್ನಿಸುತ್ತದೆ. ಇನ್ನು ಭಾಷೆ. ಬ್ಯಾಂಕಿನ ಎಚ್ಚರಿಕೆಯ ಸಂದೇಶಗಳು ಬಹುಪಾಲು ಇಂಗ್ಲಿಷಿನಲ್ಲೇ ಬರುತ್ತವೆ. ‘ಯಾರಿಗೂ ಹೇಳಬೇಡಿ’ ಎನ್ನುವ ವಾಕ್ಯವನ್ನೇ ಓದಲಾಗದವರು ಅದನ್ನು ಓದಿಸಲು ಇನ್ನೊಬ್ಬರಿಗೆ ತೋರಿಸಬೇಕು, ತೋರಿಸಿದರೆ ಗುಟ್ಟು ಉಳಿಯುವುದಿಲ್ಲ. ಹತ್ತು ನಿಮಿಷದಲ್ಲಿ ಮುಗಿದುಹೋಗುವ ಓಟಿಪಿ, ಆರು ತಿಂಗಳಿಗೊಮ್ಮೆ ಜಾಗ ಬದಲಾಯಿಸುವ ಗುಂಡಿಗಳು, ಅಪ್‌ಡೇಟ್ ಆದ ಮೇಲೆ ಗುರುತೇ ಸಿಗದ ಪರದೆ. ಇಷ್ಟೆಲ್ಲದರ ಮುಂದೆ ತಡವರಿಸುವುದನ್ನು ದಡ್ಡತನ ಎನ್ನುವವರು ನಿನ್ನ ವಯಸ್ಸಿನವರಲ್ಲಿ ಮಾತ್ರವಲ್ಲ, ಹಿರಿಯರಲ್ಲೂ ಇದ್ದಾರೆ. ‘ನಮಗೆಲ್ಲಿ ತಿಳಿಯುತ್ತದೆ’ ಎಂದು ತಾವೇ ನಂಬಿಬಿಟ್ಟವರು ಅವರು. ಆ ನಂಬಿಕೆಯನ್ನು ಬೆಳೆಸಿದ್ದರಲ್ಲಿ ‘ಕೊಡಿ ಇಲ್ಲಿ’ ಎಂಬ ಮಾತಿನ ಪಾಲೂ ಇದೆ.

ಇದರ ಪರಿಣಾಮಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಗುಟ್ಟಿನ ವಿಚಾರ. ಪಿಂಚಣಿ ಎಷ್ಟು, ಯಾರಿಗೆ ಎಷ್ಟು ಕೊಟ್ಟೆ, ಯಾವ ಡಾಕ್ಟರು ಏನೆಂದರು, ಹಳೆಯ ಗೆಳತಿಗೆ ಏನು ಬರೆದೆ, ಇವೆಲ್ಲ ಒಬ್ಬ ಮನುಷ್ಯನ ಸ್ವಂತ ಸಂಗತಿಗಳು. ಹಿಂದೆ ಟ್ರಂಕಿಗೆ ಬೀಗವಿತ್ತು, ಬೀಗದ ಕೈ ಸೊಂಟದಲ್ಲಿತ್ತು. ಈಗ ಅಮ್ಮನ ಪಿನ್ ಮನೆಮಂದಿಗೆಲ್ಲ ಗೊತ್ತು. ಅವಳ ಖಾತೆಯಲ್ಲಿ ಎಷ್ಟಿದೆ ಎಂಬುದು ಅವಳಿಗಿಂತ ಮೊದಲು ಮಗನಿಗೆ ತಿಳಿಯುತ್ತದೆ. ಪ್ರೀತಿಯ ಮನೆಯಲ್ಲಿ ಇದರಿಂದ ತೊಂದರೆಯಾಗದಿರಬಹುದು. ಆದರೆ ಎಲ್ಲ ಮನೆಗಳೂ ಪ್ರೀತಿಯವಲ್ಲ, ಹೆತ್ತವರನ್ನು ಮಕ್ಕಳು ನೋಡಿಕೊಳ್ಳಲೇಬೇಕು ಎಂದು 2007ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಬೇಕಾಯಿತು ಎಂಬುದನ್ನು ಮರೆಯಬೇಡ. ಪ್ರೀತಿಯ ಮನೆಯಲ್ಲೂ ಮೊಮ್ಮಗಳ ಮದುವೆಗೆ ಗುಟ್ಟಾಗಿ ಒಂದು ಉಂಗುರ ಮಾಡಿಸಬೇಕೆಂದು ಅಜ್ಜಿಗೆ ಆಸೆಯಿದ್ದರೆ ಅವಳು ಹೇಗೆ ಮಾಡಿಸಬೇಕು? ಇನ್ನೊಂದು ಸಂಗತಿ ನಿನಗೆ ತಿಳಿದಿರಲಿ. ನಿನ್ನ ಫೋನಿನ ಖಾಸಗಿತನ ನಿನ್ನ ಹಕ್ಕು ಎಂದು ನೀನು ಎದೆತಟ್ಟಿ ಹೇಳುತ್ತೀಯಲ್ಲ, ಆ ಹಕ್ಕಿಗೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಒಮ್ಮತದ ಮುದ್ರೆ ಬಿದ್ದದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 2024ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ದೇಶದ ಮಕ್ಕಳ ಖಾಸಗಿತನವನ್ನು ಕೋರ್ಟಿನಲ್ಲಿ ಗೆದ್ದುಕೊಟ್ಟವರು ಒಬ್ಬ ಮುದುಕರು. ಮನೆಯ ಮುದುಕರಿಗೆ ಅದೇ ಖಾಸಗಿತನವನ್ನು ಮಕ್ಕಳು ಕೊಡುವುದು ಬಹಳ ದೊಡ್ಡ ಪ್ರತಿಫಲವೇನಲ್ಲ.

ಎರಡನೆಯ ಪರಿಣಾಮ ಭಯ, ಭಯದ ಬೆನ್ನಿಗೇ ವಂಚನೆ. ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ಮೋಸ ನಿನಗೆ ಗೊತ್ತು. ಪೊಲೀಸರ ವೇಷದವನೊಬ್ಬ ವೀಡಿಯೊ ಕರೆ ಮಾಡಿ, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ಕರೆ ಕಡಿದರೆ ಬಂಧಿಸುತ್ತೇವೆ ಎಂದು ಹೆದರಿಸಿ, ಇಡೀ ಜೀವಮಾನದ ಉಳಿತಾಯವನ್ನು ವರ್ಗಾಯಿಸಿಕೊಳ್ಳುತ್ತಾನೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೊದಲ್ಲಿ ಇದನ್ನು ಹೇಳಬೇಕಾಯಿತು. ಬೆಂಗಳೂರಿನಂಥ ಊರಿನಲ್ಲಿ ಓದಿದವರು, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರೇ ಇದಕ್ಕೆ ಬಲಿಯಾದರು ಎಂದು ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ಇಷ್ಟು ತಿಳಿದವರು ಹೇಗೆ ಮೋಸಹೋದರು ಎಂದು ಜನ ಕೇಳುತ್ತಾರೆ. ಈ ಮೋಸದ ನಡೆಯನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಯಾರಿಗೂ ಹೇಳಬೇಡಿ, ಮನೆಯವರಿಗಂತೂ ಹೇಳಲೇಬೇಡಿ ಎಂಬುದು ವಂಚಕನ ಮೊದಲ ಅಪ್ಪಣೆ. ಆ ಅಪ್ಪಣೆಯನ್ನು ಹಿರಿಯರು ಪಾಲಿಸುವುದು ಅವನ ಮೇಲಿನ ಹೆದರಿಕೆಯೊಂದರಿಂದಲೇ ಅಲ್ಲ. ಮನೆಯಲ್ಲಿ ಹೇಳಿದರೆ ‘ನಿಮಗೆ ಎಷ್ಟು ಸಲ ಹೇಳಿದ್ದೆ’ ಎಂಬ ಮಾತು ಕಾದಿದೆ ಎಂದು ಅವರಿಗೆ ಮೊದಲೇ ಗೊತ್ತು. ವಂಚಕ ಗಂಟೆಗಟ್ಟಲೆ ಮಾತಾಡುತ್ತಾನೆ, ಯಾವ ಗುಂಡಿ ಒತ್ತಬೇಕೆಂದು ಒಂದೊಂದಾಗಿ ಹೇಳಿಕೊಡುತ್ತಾನೆ, ತಪ್ಪಾದರೆ ಮತ್ತೆ ಮೊದಲಿನಿಂದ ಹೇಳುತ್ತಾನೆ. ಅವನಿಗಿರುವ ತಾಳ್ಮೆ ಮನೆಯವರಲ್ಲಿ ಕಾಣದೆ ಹೋದಾಗ ಅವನ ಕೆಲಸ ಸುಲಭವಾಗುತ್ತದೆ. ಈ ಮಾತು ಕಟುವಾಯಿತು, ಬಲ್ಲೆ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ನೀನು ಗೋಡೆಯ ಮೇಲೆ ಬರೆದಿಡಬಹುದು. ಬೈಗುಳದ ಭಯವಿಲ್ಲದೆ ನಿನ್ನನ್ನು ಕೂಗಿ ಕೇಳಬಹುದು ಎಂಬ ಧೈರ್ಯ ಮನೆಯಲ್ಲಿದ್ದರೆ ಆ ಕರೆಯ ಅಗತ್ಯವೇ ಬಾರದಿರಬಹುದು.

‘ಹೇಳಿಕೊಟ್ಟರೂ ಅವರು ಕಲಿಯುವುದಿಲ್ಲ, ಹತ್ತು ಸಲ ಹೇಳಿ ಸಾಕಾಗಿದೆ’ ಎಂಬುದು ನಿನ್ನ ವಯಸ್ಸಿನವರ ದೊಡ್ಡ ದೂರು. ದೂರಿನಲ್ಲಿ ಸುಳ್ಳಿಲ್ಲ, ಅದರಿಂದ ತೆಗೆಯುವ ತೀರ್ಮಾನ ಮಾತ್ರ ತಪ್ಪು. ಪಕ್ಕದ ಕೇರಳದಲ್ಲಿ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಎಂಬ ಪಂಚಾಯಿತಿ ತನ್ನ ಜನಕ್ಕೆಲ್ಲ ಫೋನ್ ಬಳಸಲು ಕಲಿಸಲು ಹೊರಟಿತು. ಉದ್ಯೋಗಖಾತ್ರಿ ಕೆಲಸದ ಜಾಗಕ್ಕೆ, ಹೆಂಗಸರ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಸಭೆಗೆ, ಮನೆಯ ಜಗಲಿಗೆ ಹೋಗಿ ಕಲಿಸಿದರು. ಆಮೇಲೆ ಅದೇ ಮಾದರಿ ರಾಜ್ಯಕ್ಕೆಲ್ಲ ಹಬ್ಬಿತು. 21 ಲಕ್ಷಕ್ಕೂ ಹೆಚ್ಚು ಜನರಿಗೆ ಪಾಠವಾಯಿತು, ಅವರಲ್ಲಿ ತೊಂಬತ್ತು ದಾಟಿದವರೂ ನೂರು ದಾಟಿದವರೂ ಇದ್ದರು. 2025ರ ಆಗಸ್ಟಿನಲ್ಲಿ ಕೇರಳ ತನ್ನನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಿಕೊಂಡಿತು. ಘೋಷಣೆಯ ಉತ್ಸಾಹವನ್ನು ಸ್ವಲ್ಪ ಕಳೆದೇ ಲೆಕ್ಕ ಹಾಕೋಣ, ಆದರೂ ಮುಖ್ಯವಾದದ್ದು ಉಳಿಯುತ್ತದೆ. ಕೂಲಿಯ ಹೆಂಗಸರು, ಎಪ್ಪತ್ತರ ಅಜ್ಜಂದಿರು ಕಲಿತರು, ಏಕೆಂದರೆ ಯಾರೋ ಅವರಿದ್ದಲ್ಲಿಗೆ ಹೋಗಿ ಅವರ ಪಕ್ಕ ಕುಳಿತರು. ನಮ್ಮಲ್ಲೂ ನೋಡು. ಯೂಟ್ಯೂಬಿನಲ್ಲಿ ಯಕ್ಷಗಾನದ ಹಳೆಯ ಪ್ರಸಂಗಗಳನ್ನು ಹುಡುಕಿಕೊಳ್ಳಲು ಹಿರಿಯರಿಗೆ ಯಾರ ನೆರವೂ ಬೇಕಾಗಿಲ್ಲ, ಅಕ್ಷರ ಒತ್ತಲು ಬಾರದವರು ವಾಟ್ಸಾಪಿನಲ್ಲಿ ಧ್ವನಿ ಕಳಿಸುವುದನ್ನು ತಾವೇ ಕಂಡುಕೊಂಡಿದ್ದಾರೆ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೆ ಹಣ ಬಂತೆಂದು ಕನ್ನಡದಲ್ಲಿ ಕೂಗಿ ಹೇಳುವ ಪೆಟ್ಟಿಗೆ ಕೊಟ್ಟ ಮೇಲೆ ಅವಳು ಯುಪಿಐಗೆ ಹೆದರಲಿಲ್ಲ. ಇನ್ನೂ ಮುಂದೆ ಹೋಗಿ ಹೇಳಬೇಕೆಂದರೆ, ನೀನು ಇಂದು ಕಂಪ್ಯೂಟರಿನಲ್ಲಿ ಸಲೀಸಾಗಿ ಕನ್ನಡ ಒತ್ತುವ ಕೀಲಿಮಣೆಯ ವಿನ್ಯಾಸ 1940ರಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರದು. ಕನ್ನಡಕ್ಕೆ ತಕ್ಕ ತಂತ್ರಾಂಶ ಬೇಕೇಬೇಕೆಂದು ಪಟ್ಟುಹಿಡಿದ ಪೂರ್ಣಚಂದ್ರ ತೇಜಸ್ವಿಯವರು ಆಗ ಅರವತ್ತು ದಾಟಿದ್ದರು. ವಯಸ್ಸಿಗೂ ಯಂತ್ರಕ್ಕೂ ಹುಟ್ಟಾ ವೈರವಿದೆ ಎಂಬ ಮಾತಿಗೆ ಕನ್ನಡದಲ್ಲಿ ಆಧಾರವಿಲ್ಲ.

ಹಾಗಾದರೆ ಹೇಳಿಕೊಡುವುದು ಹೇಗೆ? ಒಂದೇ ಕಟ್ಟುಪಾಡು ಸಾಕು: ಫೋನ್ ಅವರ ಕೈಯಲ್ಲೇ ಇರಲಿ, ನಿನ್ನ ಬೆರಳು ಪರದೆಯನ್ನು ಮುಟ್ಟದಿರಲಿ. ನಿನಗೆ ಹತ್ತು ಸೆಕೆಂಡಿನ ಕೆಲಸ ಅವರಿಗೆ ಹತ್ತು ನಿಮಿಷವಾಗುತ್ತದೆ, ಆಗಲಿ. ಮೊದಲು ಫೋನಿನ ಭಾಷೆಯನ್ನು ಕನ್ನಡ ಮಾಡು, ಅಕ್ಷರದ ಗಾತ್ರ ದೊಡ್ಡದು ಮಾಡು, ಬೇಡದ ಆ್ಯಪುಗಳನ್ನೆಲ್ಲ ಮೊದಲ ಪರದೆಯಿಂದ ತೆಗೆ. ಇಷ್ಟನ್ನು ನೀನು ಮಾಡಿಕೊಡಬಹುದು, ಅದೂ ಅವರನ್ನು ಕೇಳಿ. ಒಂದು ನೋಟುಪುಸ್ತಕ ಇಟ್ಟು, ಪ್ರತಿ ಕೆಲಸದ ಹೆಜ್ಜೆಗಳನ್ನು ಅವರ ಕೈಯಿಂದಲೇ, ಅವರ ಮಾತಿನಲ್ಲೇ ಬರೆಸು. ‘ಹಸಿರು ಹಕ್ಕಿ ಒತ್ತುವುದು’ ಎಂದು ಅವರು ಬರೆದುಕೊಂಡರೆ ತಿದ್ದಬೇಡ, ಅವರಿಗೆ ಗುರುತು ಸಿಕ್ಕರೆ ಸಾಕು. ನಿನ್ನ ಖಾತೆಗೆ ಒಂದು ರೂಪಾಯಿ ಹತ್ತು ಸಲ ಕಳಿಸಲಿ. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ, ಕಳಿಸುವುದಕ್ಕೆ ಮಾತ್ರ ಬೇಕು ಎಂಬ ಒಂದು ತಿಳಿವಳಿಕೆ ಕೈಗೆ ಹತ್ತಿದರೆ ಅರ್ಧ ಮೋಸ ಅಲ್ಲಿಗೇ ನಿಲ್ಲುತ್ತದೆ. ಪಿನ್ ಹಾಕುವಾಗ ನೀನು ಮುಖ ತಿರುಗಿಸು. ನಿನಗದು ಸಣ್ಣ ವಿಷಯ. ಈ ಹಣ ನನ್ನದು, ಇದರ ಬೀಗದ ಕೈ ನನ್ನ ಬಳಿ ಇದೆ ಎಂದು ಅವರಿಗೆ ಅನ್ನಿಸುವುದು ಅಲ್ಲಿಯೇ.

ನಮ್ಮ ಕಡೆಯ ತಪ್ಪನ್ನೂ ಹೇಳದೆ ಮುಂದೆ ಹೋದರೆ ಈ ಪತ್ರ ಪಕ್ಷಪಾತದ್ದಾಗುತ್ತದೆ. ‘ಯಾವಾಗಲೂ ಫೋನಿನಲ್ಲೇ ಮುಳುಗಿರುತ್ತೀಯ’ ಎಂದು ಗೊಣಗುವ ಹಿರಿಯರು, ನಿನ್ನ ತರಗತಿ, ನಿನ್ನ ಕಚೇರಿ, ನಿನ್ನ ಗೆಳೆಯರ ಕಟ್ಟೆ ಎಲ್ಲವೂ ಅದೊಂದರಲ್ಲೇ ಇವೆ ಎಂಬುದನ್ನು ನೋಡುವುದಿಲ್ಲ. ನಿಜವೋ ಸುಳ್ಳೋ ವಿಚಾರಿಸದೆ ಬಂದದ್ದನ್ನೆಲ್ಲ ಹತ್ತು ಗುಂಪಿಗೆ ಕಳಿಸುವವರಲ್ಲಿ ತಲೆನರೆತವರೂ ಇದ್ದಾರೆ. ನೀನು ತಿದ್ದಿದರೆ ಅದನ್ನು ಉದ್ಧಟತನ ಎಂದುಕೊಳ್ಳುತ್ತಾರೆ. ಕಲಿಯಲು ಕೂತವರು ಕಿರಿಯರಿಂದ ತಿದ್ದಿಸಿಕೊಳ್ಳಲು ಒಪ್ಪಬೇಕು, ಇದನ್ನು ನನ್ನ ಓರಗೆಯವರಿಗೆ ಇಲ್ಲಿಂದಲೇ ಹೇಳುತ್ತಿದ್ದೇನೆ.

ಇಷ್ಟೆಲ್ಲ ಹೇಳುವಾಗ ತಂತ್ರಜ್ಞಾನ ಜನರನ್ನು ಹತ್ತಿರ ತಂದದ್ದನ್ನು ಮರೆತಿರಾ ಎಂದು ನೀನು ಕೇಳುವೆ. ಮರೆತಿಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದ ಹಿರಿಯರ ಮನೆಗಳು ಸಾಲುಸಾಲಾಗಿವೆ. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ, ಅಮೆರಿಕದಲ್ಲಿ. ಆ ಮನೆಗಳಿಗೆ ಮೊಮ್ಮಗುವಿನ ಮುಖ ಕಾಣಿಸುವುದು ವೀಡಿಯೊ ಕರೆಯಲ್ಲೇ. ಇಪ್ಪತ್ತೈದು ವರ್ಷದ ಹಿಂದೆ ಎಸ್‌ಟಿಡಿ ಬೂತಿನಲ್ಲಿ ಮೀಟರು ನೋಡಿಕೊಂಡು ಮಾತಾಡಿದವರಿಗೆ ಇದು ಎಷ್ಟು ದೊಡ್ಡ ಭಾಗ್ಯವೆಂದು ವಿವರಿಸಬೇಕಾಗಿಲ್ಲ. ಆದರೆ ಆ ಕರೆ ಮಾಡುವವರು ಯಾರು ಎಂದು ಒಮ್ಮೆ ಗಮನಿಸು. ಬಹಳ ಮನೆಗಳಲ್ಲಿ ಭಾನುವಾರ ಮಗನಿಗೆ ಬಿಡುವಾದಾಗ ಕರೆ ಬರುತ್ತದೆ, ಅಪ್ಪ ಅಮ್ಮ ಹಸಿರು ಗುಂಡಿ ಒತ್ತಿ ಎತ್ತುತ್ತಾರೆ. ತಾವಾಗಿ ಕರೆ ಮಾಡಲು ಅವರಿಗೆ ಬರುವುದಿಲ್ಲ, ಅಥವಾ ಅಲ್ಲಿ ಈಗ ಹಗಲೋ ರಾತ್ರಿಯೋ ಎಂಬ ಅಳುಕು. ಹೀಗೆ ಹತ್ತಿರವಾಗುವುದು ಒಂದು ಕಡೆಯ ಇಷ್ಟಕ್ಕೆ, ಒಂದು ಕಡೆಯ ಬಿಡುವಿಗೆ ಕಟ್ಟುಬಿದ್ದಿದೆ. ಅಮ್ಮನಿಗೆ ಮನಸ್ಸಾದ ಬುಧವಾರ ಮಧ್ಯಾಹ್ನ ಅವಳೇ ಮೊಮ್ಮಗುವನ್ನು ಕರೆಯಬಲ್ಲವಳಾದರೆ, ಆಗ ಯಂತ್ರ ಎರಡೂ ದಡಕ್ಕೆ ಸೇರಿದ ಸಂಕವಾಗುತ್ತದೆ.

ಮನೆಯೊಳಗೆ ನೀನು ಎಷ್ಟು ಮಾಡಿದರೂ ಮುಗಿಯದ ಒಂದು ಭಾಗ ಹೊರಗಿದೆ. ಎಷ್ಟು ಕಲಿಸಿದರೂ ಕಲಿಯಲಾಗದವರು ಇದ್ದೇ ಇರುತ್ತಾರೆ. ಕಣ್ಣು ಕಾಣದವರು, ಮರೆವಿನ ಕಾಯಿಲೆಯವರು, ಫೋನೇ ಇಲ್ಲದವರು. ಅವರಿಗೆ ಕಿಟಕಿ ಬೇಕು, ಕಿಟಕಿಯ ಹಿಂದೆ ಮನುಷ್ಯ ಬೇಕು. ಎಪ್ಪತ್ತು ದಾಟಿದವರಿಗೆ ಹಣವನ್ನೂ ಡಿಮ್ಯಾಂಡ್ ಡ್ರಾಫ್ಟನ್ನೂ ಮನೆಗೇ ತಲುಪಿಸುವ ವ್ಯವಸ್ಥೆ ಇರಬೇಕು, ಬ್ಯಾಂಕಿನಲ್ಲಿ ಹಿರಿಯರಿಗೆ ಪ್ರತ್ಯೇಕ ಇಲ್ಲವೇ ಆದ್ಯತೆಯ ಕೌಂಟರು ಇರಬೇಕು ಎಂದು ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲೇ ಎಲ್ಲ ಬ್ಯಾಂಕುಗಳಿಗೆ ಹೇಳಿದೆ. ನಿನ್ನ ಊರಿನ ಶಾಖೆಯಲ್ಲಿ ಅದಿದೆಯೇ ಎಂದು ಕೇಳುವ ಹಕ್ಕು ನಿನಗಿದೆ. ಮುಖದ ಮೇಲೆ ಆ್ಯಸಿಡ್ ದಾಳಿಯಾಗಿ, ಗುರುತು ದೃಢಪಡಿಸಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾಗದವರ ಅರ್ಜಿಯ ಮೇಲೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆಗಳು ಎಟುಕುವಂತಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ತೀರ್ಪು ಕೊಟ್ಟಿತು. ಇನ್ನು, ಈ ಪತ್ರ ಓದುತ್ತಿರುವ ನೀನು ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ಇಂಥ ಆ್ಯಪನ್ನು ಕಟ್ಟುವವನೋ ಕಟ್ಟುವವಳೋ ಆಗಿರುವ ಸಾಧ್ಯತೆ ಕಡಿಮೆಯೇನಲ್ಲ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಅರವತ್ತು ದಾಟಿದವರು ಸುಮಾರು 14.9 ಕೋಟಿ. 2050ಕ್ಕೆ 34.7 ಕೋಟಿಯಾಗುತ್ತಾರೆ, ಅಂದರೆ ಐವರಲ್ಲಿ ಒಬ್ಬರು. ಗುಂಡಿಯ ಜಾಗ ಬದಲಿಸುವ ಮುನ್ನ, ಓಟಿಪಿಯ ಗಡುವು ನಿಗದಿಮಾಡುವ ಮುನ್ನ, ಕನ್ನಡದ ಸಂದೇಶವನ್ನು ‘ಆಮೇಲೆ ನೋಡೋಣ’ ಎಂದು ಪಕ್ಕಕ್ಕಿಡುವ ಮುನ್ನ ಒಬ್ಬ ಎಪ್ಪತ್ತರ ಹೆಂಗಸನ್ನು ಕೂರಿಸಿ ಆ ಪರದೆಯನ್ನು ಅವಳ ಕೈಗೆ ಕೊಟ್ಟು ನೋಡು.

ನಿಂತುಹೋದ ಪ್ರಶ್ನೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಹಿರಿಯರಿಗೆ ಬೇಸರವಾಗದಿರಲಿ ಎಂದು ಸುಮ್ಮನೆ ಏನನ್ನೋ ಕೇಳಬೇಡ, ಅವರಿಗೆ ಅದು ತಿಳಿದುಹೋಗುತ್ತದೆ. ಫೋನಿನಲ್ಲಿ ನಿಜವಾಗಿಯೂ ಇಲ್ಲದ್ದನ್ನು ಕೇಳು. ನಿಮ್ಮ ಜಮೀನಿನ ಪಹಣಿ ಕಂಪ್ಯೂಟರಿನಲ್ಲಿದೆ, ಆದರೆ ಮೂಡಣ ಬದುವಿನ ಬೇವಿನ ಮರ ಯಾರ ಪಾಲಿನದು, ಮಳೆಗಾಲದಲ್ಲಿ ನೀರು ಯಾವ ಕಡೆ ನುಗ್ಗುತ್ತದೆ, ಆ ಹೊಲಕ್ಕೆ ಆ ಹೆಸರೇಕೆ ಎಂಬುದು ಅಲ್ಲಿಲ್ಲ. ಪೆಟ್ಟಿಗೆಯ ಅಡಿಯಲ್ಲಿರುವ ಹಳೆಯ ಕ್ರಯಪತ್ರದ ಕೈಬರಹವನ್ನು ಓದಬಲ್ಲವರು ಮನೆಯಲ್ಲಿ ಇನ್ನು ಒಬ್ಬರೋ ಇಬ್ಬರೋ. ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ಅದು ಮೋಡಿ ಅಕ್ಷರದಲ್ಲಿದ್ದರೆ ಓದುವವರು ಇನ್ನೂ ವಿರಳ. ಮನೆತನದಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇತ್ತು, ಯಾರು ಯಾವ ವಯಸ್ಸಿನಲ್ಲಿ ಎದೆನೋವಿನಿಂದ ಹೋದರು ಎಂದು ಡಾಕ್ಟರು ನಿನ್ನನ್ನು ಕೇಳಿದಾಗ ಉತ್ತರ ಇರುವುದೂ ಅವರ ಬಳಿಯೇ. ಇವನ್ನು ಕೇಳಿ, ಅವರ ಧ್ವನಿಯಲ್ಲೇ ಅವರ ಫೋನಿನಲ್ಲೇ ರೆಕಾರ್ಡು ಮಾಡಿಡಲು ಹೇಳಿಕೊಡು. ಕಾಗದ ಓದುತ್ತಿದ್ದ ಕಾಲದಂತೆ ಅಕ್ಷರ ಒಬ್ಬರದು, ಅರ್ಥ ಇನ್ನೊಬ್ಬರದು ಆಗುವ ಅವಕಾಶ ಇಲ್ಲಿ ಮತ್ತೆ ಇದೆ.

ನವೆಂಬರ್ ಬಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. 2014ರಿಂದ ಅದನ್ನು ‘ಜೀವನ್ ಪ್ರಮಾಣ್’ ಮೂಲಕ ಆನ್‌ಲೈನಿನಲ್ಲಿ ಕೊಡಬಹುದು, ಕೆಲವು ವರ್ಷಗಳಿಂದ ಮನೆಯಲ್ಲೇ ಫೋನಿನ ಮುಂದೆ ಮುಖ ತೋರಿಸಿಯೂ ಮುಗಿಸಬಹುದು. ನಿನ್ನ ಮನೆಯಲ್ಲಿ, ಇಲ್ಲವೇ ಪಕ್ಕದ ಮನೆಯಲ್ಲಿ ಅಂಥವರೊಬ್ಬರು ಇದ್ದರೆ ಈ ಸಲ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗು. ಫೋನ್ ಅವರ ಕೈಯಲ್ಲಿರಲಿ, ನೀನು ಪಕ್ಕದಲ್ಲಿ ಕುಳಿತಿರು.

ಇತಿ, ನಿನ್ನ ಶ್ರೇಯಸ್ಸನ್ನು ಬಯಸುವ
ಹಿರಿಯ ಜೀವ